ಮುಖಕ್ಕೆ ಏನು ಹಚ್ಚುತ್ತೀರಿ ಎಂದು ಕೇಳುವವರಿಗೆ

"ನಿಮಗೆ ನಲವತ್ತೇಳಾ? ಸುಳ್ಳು ಬಿಡಿ. ಮೂವತ್ತೂ ದಾಟಿದಂಗಿಲ್ಲ. ಮುಖಕ್ಕೆ ಏನ್ ಹಚ್ಕೋತೀರಾ ಸಿಸ್ಟರ್?"

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ, ಅಂದರೆ ಬಿಪಿ ಶುಗರ್ ನೋಡುವ ಕೋಣೆಯಲ್ಲಿ, ನರ್ಸ್ ಆಗಿರುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆಯಲ್ಲೂ ಇದೇ, ಬಸ್ಸಿನ ಪಕ್ಕದ ಸೀಟಿನವರದೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಚಿಕ್ಕದು. ಸನ್‌ಸ್ಕ್ರೀನ್ ಹಚ್ಚುತ್ತೇನೆ, ಅಷ್ಟೇ. ಕಡಲೆಹಿಟ್ಟಿಲ್ಲ, ಅರಿಶಿನದ ಲೇಪವಿಲ್ಲ, ಯಾವ ತೈಲವೂ ಇಲ್ಲ. ಮಿಕ್ಕಿದ್ದು ನಾನು ಗಳಿಸಿದ್ದಲ್ಲ. ಗಿಡ್ಡ ಆಳು, ದುಂಡು ಮುಖ, ಸಣ್ಣ ದನಿ, ಸೂರಿನ ಕೆಳಗಿನ ಕೆಲಸ.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. "ಏನೋ ಇದೆ, ನೀವು ಹೇಳ್ತಿಲ್ಲ" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ. ವಯಸ್ಸನ್ನು ತಿಳಿಯುವುದೂ ಮುಖದಿಂದ, ತಡೆಯುವುದೂ ಮುಖದಿಂದ ಎಂದು ಆ ಪ್ರಶ್ನೆ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತದೆ. ಆ ತೀರ್ಮಾನ ಎಷ್ಟೋ ಜನರನ್ನು ಕೆಟ್ಟ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಮೆಡಿಕಲ್ ಅಂಗಡಿಗೆ ಹೋಗಿ "ಬೆಳ್ಳಗಾಗೋ ಟ್ಯೂಬ್ ಕೊಡಿ" ಎಂದು ಕೇಳುವ ಹುಡುಗಿಯರನ್ನು ನೋಡಿ. ಸ್ಟಿರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಬೆರೆಸಿದ ಮುಲಾಮು ಕೈಗೆ ಬರುತ್ತದೆ. ಮೊದಲ ಎರಡು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಕೆನ್ನೆ ಗಲ್ಲದ ಮೇಲೆ ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿ ಕೆರಳುತ್ತದೆ, ಹಾಗಾಗಿ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳಿವೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್‌ಗಳ ಹೆಸರು ಕಂಡರೆ ಅದು ಅಂದ ಹೆಚ್ಚಿಸಲು ಇರುವ ಕ್ರೀಮ್ ಅಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಡಬೇಡಿ. ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಸರಿ, ಸನ್‌ಸ್ಕ್ರೀನ್ ಬಗ್ಗೆ ಕೇಳುತ್ತೀರಿ, ಹೇಳಿಬಿಡುತ್ತೇನೆ. ಎಸ್‌ಪಿಎಫ್ 30 ಸಾಕು, ಜೊತೆಗೆ ಪಿಎ ಎಂಬುದರ ಪಕ್ಕ ಮೂರು ಪ್ಲಸ್ ಇರಲಿ. ಎಸ್‌ಪಿಎಫ್ ಸುಡುವ ಕಿರಣದ ಲೆಕ್ಕ, ಪಿಎ ಚರ್ಮವನ್ನು ಒಳಗಿನಿಂದ ಸಡಿಲಗೊಳಿಸುವ ಯುವಿ-ಎ ಕಿರಣದ ಲೆಕ್ಕ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆದಷ್ಟು. ಜನ ಹಚ್ಚುವುದು ಕಡಲೆಕಾಳಿನಷ್ಟು. ಡಬ್ಬದ ಮೇಲಿನ ಅಂಕಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದದ್ದು, ಅದರ ಕಾಲುಭಾಗ ಹಚ್ಚಿ ಅದೇ ರಕ್ಷಣೆ ಬಯಸಿದರೆ ಸಿಗುವುದಿಲ್ಲ. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಬೇಕು. ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಒರೆಸಿಕೊಂಡರೆ ಆ ಕೂಡಲೇ. ಕೆನ್ನೆಯ ಮೇಲೆ ಬಂಗು ಇರುವವರು ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತೆಗೆದುಕೊಳ್ಳುವುದು ಒಳ್ಳೆಯದು. ಬಂಗು ಹೆಚ್ಚಲು ಕಣ್ಣಿಗೆ ಕಾಣುವ ಬೆಳಕೂ ಸಾಕು, ಬಿಳಿ ಕ್ರೀಮು ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಇದೆಲ್ಲ ಕೈಗೆಟುಕದಿದ್ದರೆ ಕೊಡೆ ಹಿಡಿಯಿರಿ, ಸೆರಗು ಹೊದೆಯಿರಿ. ಕೊಡೆಗೆ ಎರಡು ಗಂಟೆಯ ಲೆಕ್ಕವಿಲ್ಲ.

ಬಿಸಿಲು ಮುಖಕ್ಕೆ ಏನು ಮಾಡುತ್ತದೆಂದು ನೋಡಬೇಕಾದರೆ ವರ್ಷಗಟ್ಟಲೆ ಲಾರಿ ಓಡಿಸಿದವರನ್ನು ನೋಡಿ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಚಾಲಕರೊಬ್ಬರ ಫೋಟೋ ಬಂದಿತ್ತು. 28 ವರ್ಷ ಟ್ರಕ್ ಓಡಿಸಿದವರು. ಅಲ್ಲಿ ಚಾಲಕ ಕೂರುವುದು ಎಡಗಡೆ, ಕಿಟಕಿಯ ಕಡೆಗಿದ್ದ ಎಡಗೆನ್ನೆ ಸುಕ್ಕುಗಟ್ಟಿ ಜೋತುಬಿದ್ದಿತ್ತು, ಬಲಗೆನ್ನೆ ಎಷ್ಟೋ ಮೇಲು. ಒಬ್ಬನೇ ಮನುಷ್ಯ, ಒಂದೇ ವಯಸ್ಸು, ಎರಡು ಕೆನ್ನೆಗೆ ಎರಡು ಪ್ರಾಯ. ನಮ್ಮಲ್ಲಿ ಸ್ಟೇರಿಂಗ್ ಬಲಗಡೆ, ಹಾಗಾಗಿ ನಮ್ಮ ಚಾಲಕರು ಕಾಪಾಡಿಕೊಳ್ಳಬೇಕಾದ್ದು ಬಲಗೆನ್ನೆ, ಬಲಗೈ. ಮುಂದಿನ ಗಾಜು ಎರಡು ಪದರದ್ದು, ಯುವಿ-ಎ ಅನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿ ಗಾಜು ಸಾಮಾನ್ಯವಾಗಿ ಅಷ್ಟು ತಡೆಯುವುದಿಲ್ಲ. ಗಾಜು ಏರಿಸಿಕೊಂಡಿದ್ದೇನೆ, ಬಿಸಿಲಿಲ್ಲ ಎಂದುಕೊಳ್ಳುವುದು ತಪ್ಪು.

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ ಅಂಶ ಹೆಚ್ಚು, ಅದು ಸುಕ್ಕನ್ನು ಮುಂದೂಡುತ್ತದೆ. ಹಾಗಾಗಿ ನಮ್ಮವರಲ್ಲಿ ವಯಸ್ಸು ಮೊದಲು ಕಾಣುವುದು ಸುಕ್ಕಾಗಿ ಅಲ್ಲ. ಬಂಗಾಗಿ, ಕಣ್ಣ ಕೆಳಗಿನ ಕಪ್ಪಾಗಿ, ಹಣೆಯ ಅಂಚು ಕಪ್ಪಾಗುವುದಾಗಿ. ಕೂದಲಿನ ಲೆಕ್ಕವಂತೂ ಬೇಡವೇ ಬೇಡ. ಇಪ್ಪತ್ತರಲ್ಲಿ ನೆರೆತವರೂ ಇದ್ದಾರೆ, ಬಣ್ಣ ಹಚ್ಚುವವರೂ ಇದ್ದಾರೆ. ಬಣ್ಣ ಹಚ್ಚುವವರಿಗೆ ಒಂದೇ ಮಾತು: ಹೊಸ ಪೊಟ್ಟಣ ತಂದಾಗ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದಿದ್ದರೆ ತಲೆ ಮುಖ ಎಲ್ಲ ಊದುತ್ತದೆ.

ಹಲ್ಲಿನ ಪಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ಕರಗುತ್ತ ಹೋಗುತ್ತದೆ. ಮೂಗಿನ ಕೆಳಗಿನ ಮುಖ ಗಿಡ್ಡವಾಗುತ್ತದೆ, ತುಟಿ ಒಳಗೆ ಮಡಚುತ್ತದೆ, ಕೆನ್ನೆ ಗುಳಿ ಬೀಳುತ್ತದೆ. ನಾಲ್ಕು ದವಡೆ ಹಲ್ಲು ಹೋದರೆ ನಲವತ್ತರ ಮುಖ ಅರವತ್ತಾಗಿಬಿಡುತ್ತದೆ, ಯಾವ ಕ್ರೀಮಿನಿಂದಲೂ ಅದನ್ನು ಹಿಂದಕ್ಕೆ ತರಲಾಗದು.

ಈಗ ಗದ್ದೆಯಲ್ಲಿ ಕಳೆ ಕೀಳುವ, ಗಾರೆ ಹೊರುವ ಹೆಂಗಸನ್ನು ನೆನೆಸಿಕೊಳ್ಳಿ. ದಿನವಿಡೀ ಬಿಸಿಲು. ಹುಳುಕು ಹಲ್ಲಿಗೆ ಬೇರು ಚಿಕಿತ್ಸೆ ಮಾಡಿಸಲು ದುಡ್ಡಿಲ್ಲದೆ ಕೀಳಿಸಿದ ಹಲ್ಲುಗಳು. ರಕ್ತಹೀನತೆ. ಕೆನ್ನೆಯಲ್ಲಿ ಕೊಬ್ಬು ನಿಲ್ಲುವಷ್ಟು ಊಟವಿಲ್ಲ. ಅವಳಿಗೆ ನಲವತ್ತೆರಡು, ಒಪಿಡಿ ಸಾಲಿನಲ್ಲಿ ಎಲ್ಲರೂ "ಅಜ್ಜಿ, ಸ್ವಲ್ಪ ಸರೀರಿ" ಅನ್ನುತ್ತಾರೆ. ಅದೇ ಸಾಲಿನಲ್ಲಿ ನಿಂತ ನನ್ನಂಥವಳಿಗೆ "ಏನಮ್ಮಾ, ಯಾವ ಕಾಲೇಜು" ಅನ್ನುತ್ತಾರೆ. ನಮ್ಮಿಬ್ಬರ ನಡುವಿನ ಅಂತರದಲ್ಲಿ ಬಹುಪಾಲು ನೆರಳಿನದು, ಊಟದ್ದು, ಹಲ್ಲಿನ ಡಾಕ್ಟರದ್ದು. ಅದಕ್ಕೇ "ಪುಣ್ಯ ಮಾಡಿದ್ದೀರಿ" ಎಂಬ ಮಾತು ನನಗೆ ಹಿಡಿಸುವುದಿಲ್ಲ. ಪುಣ್ಯದ ಹೆಸರಿನಲ್ಲಿ ನೀವು ಹೊಗಳುತ್ತಿರುವುದು ಸೂರಿನ ಕೆಳಗಿನ ಕೆಲಸವನ್ನು.

ಮುಖ ನೋಡಿ ವಯಸ್ಸು ಹೇಳಬಲ್ಲೆ ಎಂದು ಜಂಭ ಪಡುವವರೂ ಇದ್ದಾರೆ. ಎಕ್ಸ್‌ರೇಗೇ ಅದು ಸರಿಯಾಗಿ ಆಗುವುದಿಲ್ಲ. ಹುಡುಗ ಬಾಲಾಪರಾಧಿಯೋ ಅಲ್ಲವೋ ಎಂದು ತೀರ್ಮಾನಿಸಲು ಮೊದಲು ನೋಡುವುದು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿರುವ ಕ್ರಮ ಇದೇ. ಮೂಳೆ ಪರೀಕ್ಷೆಯಲ್ಲೂ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಅದೂ ಬೆಳೆಯುವ ಮಕ್ಕಳ ಮಾತು. ಮೂಳೆಯ ತುದಿಗಳೆಲ್ಲ ಬೆಸೆದುಕೊಂಡ ಮೇಲೆ, ಇಪ್ಪತ್ತೈದು ದಾಟಿದವರಲ್ಲಿ, ಎಕ್ಸ್‌ರೇಯಿಂದಲೂ ವಯಸ್ಸನ್ನು ನಿಖರವಾಗಿ ಹೇಳಲಾಗದು. ಬಸ್ಸಿನ ಸೀಟಿನಿಂದ ನೀವು ಹೇಗೆ ಹೇಳುತ್ತೀರಿ?

ಓದಿಕೊಂಡವರು ಒಂದು ಡ್ಯಾನಿಶ್ ಅಧ್ಯಯನ ತೋರಿಸಿ ವಾದಿಸುತ್ತಾರೆ. 2009ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಎಪ್ಪತ್ತು ದಾಟಿದ 1,826 ಅವಳಿಗಳ ಫೋಟೋ ತೋರಿಸಿ ಇವರಿಗೆ ಎಷ್ಟಿರಬಹುದು ಎಂದು ಬೇರೆಯವರಿಂದ ಅಂದಾಜು ಮಾಡಿಸಿದರು, ಆಮೇಲೆ ವರ್ಷಗಟ್ಟಲೆ ಕಾದು ನೋಡಿದರು. ಜೋಡಿಯಲ್ಲಿ ಹೆಚ್ಚು ವಯಸ್ಸಾದಂತೆ ಕಂಡವರು ಮೊದಲು ತೀರಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಅಧ್ಯಯನ ಸರಿಯಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಎಪ್ಪತ್ತು ದಾಟಿದವರ ಮಾತು, ಒಂದು ದೊಡ್ಡ ಗುಂಪಿನ ಸರಾಸರಿ. ನಲವತ್ತರ ಒಬ್ಬಳು ನುಣುಪಾಗಿ ಕಾಣುತ್ತಾಳೆಂದು ಅವಳ ಶುಗರ್ ಸರಿಯಿದೆ ಎಂದು ಅದು ಹೇಳುವುದಿಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. "ಸಿಸ್ಟರ್, ನನಗೂ ನಲವತ್ತೇಳೇ. ನಾನು ಏನೇನು ನೋಡಿಸ್ಕೋಬೇಕು?" ಇದನ್ನು ಕೇಳಿದರೆ ಎಷ್ಟು ಹೊತ್ತು ಬೇಕಾದರೂ ನಿಂತು ಹೇಳುತ್ತೇನೆ.

ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಕಾರ್ಯಕ್ರಮದಲ್ಲಿ ಬಿಪಿ, ಶುಗರ್ ತಪಾಸಣೆ ವರ್ಷಕ್ಕೊಮ್ಮೆ ಉಚಿತ. ಬಾಯಿ ಕ್ಯಾನ್ಸರಿಗೆ, ಹೆಂಗಸರಾದರೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿಗೆ, ಐದು ವರ್ಷಕ್ಕೊಮ್ಮೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮನೆಗೇ ಬಂದು ಪಟ್ಟಿ ತುಂಬುತ್ತಾರೆ, ಪಟ್ಟಣದಲ್ಲಿ ನಮ್ಮ ಕ್ಲಿನಿಕ್ಕಿಗೆ ಹೋಗಬಹುದು. ಎಡವಟ್ಟಾಗುವುದು ಇಲ್ಲೇ. ಚಿಕ್ಕವಳಂತೆ ಕಾಣುವವಳು ಹೋದರೆ "ನಿಂಗ್ಯಾಕಮ್ಮಾ ಈಗ್ಲೇ ಇದೆಲ್ಲ" ಎಂದು ಯಾರೋ ಒಬ್ಬರು ಪ್ರೀತಿಯಿಂದಲೇ ಹೇಳುತ್ತಾರೆ, ಅವಳೂ ಖುಷಿಯಾಗಿ ಮನೆಗೆ ಹೋಗುತ್ತಾಳೆ. ಹಾಗೆ ಹೋಗಬೇಡಿ. ನಿಮ್ಮ ವಯಸ್ಸು ಹೇಳಿ ಕುಳಿತುಕೊಳ್ಳಿ.

ತೆಳ್ಳಗಿರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಫೋಟೋ ಹಾಕಿ ತಮ್ಮದೇ ಅಳತೆ ಕೊಟ್ಟರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3, ನೋಡಲು ಇಬ್ಬರೂ ಸಪೂರ. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ಭಾರತೀಯರ ಮೈಕಟ್ಟೇ ಹೀಗೆ. ಕೈಕಾಲು ಸಣ್ಣ, ಮುಖ ಚೊಕ್ಕ, ಕೊಬ್ಬೆಲ್ಲ ಹೊಟ್ಟೆಯೊಳಗೆ. ಮಧುಮೇಹ ಬರಲು ದಪ್ಪಗಾಗಬೇಕಿಲ್ಲ.

ಅದಕ್ಕೇ ತೂಕಕ್ಕಿಂತ ಸೊಂಟದ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಅಳೆಯುವಾಗ ಎಲ್ಲರೂ ತಪ್ಪುವುದು ಜಾಗದಲ್ಲಿ. ಲಂಗದ ಲಾಡಿ ಕಟ್ಟುವ ಜಾಗ ಅಳತೆಯ ಜಾಗವಲ್ಲ, ಪ್ಯಾಂಟಿನ ಬೆಲ್ಟಿನ ಜಾಗವೂ ಅಲ್ಲ. ಪಕ್ಕೆಲುಬಿನ ಕೊನೆಯನ್ನು ಬೆರಳಲ್ಲಿ ಹುಡುಕಿ, ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ, ಎರಡರ ನಡುವೆ ಟೇಪು ಸುತ್ತಿ. ಬಟ್ಟೆಯ ಮೇಲೆ ಬೇಡ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ, ಹೊಟ್ಟೆ ಎಳೆದುಕೊಳ್ಳಬೇಡಿ.

ಬಿಪಿಗೂ ಕ್ರಮವಿದೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ, ಎಲೆ ಅಡಿಕೆ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಆನಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಜೋತುಬಿಟ್ಟರೆ ಬಿಪಿ ಹೆಚ್ಚು ತೋರಿಸುತ್ತದೆ. ರವಿಕೆ ತೋಳಿನ ಮೇಲೆ ಪಟ್ಟಿ ಸುತ್ತಿಸಿಕೊಳ್ಳಬೇಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಹೆಚ್ಚು ತೋರಿಸುತ್ತದೆ, ದೊಡ್ಡದು ಕೇಳಿ. ನೋಡುವಾಗ ಮಾತಾಡಬೇಡಿ, ಮೊಬೈಲ್ ನೋಡಬೇಡಿ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿಸಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೇರೆ ದಿನ ಮತ್ತೆ ನೋಡಿಸಿ ಡಾಕ್ಟರ ಹತ್ತಿರ ಹೋಗಿ. ತಲೆನೋವಿಲ್ಲ, ಹಾಗಾಗಿ ಬಿಪಿ ಇಲ್ಲ ಎಂಬ ಲೆಕ್ಕ ಬೇಡ. ಬಹಳ ಜನಕ್ಕೆ ಬಿಪಿ ಯಾವ ಸುಳಿವೂ ಕೊಡುವುದಿಲ್ಲ.

ಶುಗರಿಗೆ ಬೆರಳು ಚುಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಇಲ್ಲದ ಶುಗರ್ ಬರುತ್ತದೆ. ಬೆರಳ ತುದಿಗಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಯಾವುದೋ ಹೊತ್ತಿನಲ್ಲಿ ನೋಡಿದ ಅಂಕಿ 140 ದಾಟಿದರೆ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ಪರೀಕ್ಷೆ ಮಾಡಿಸಬೇಕು. ಅಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು, ಎರಡನೇ ಪರೀಕ್ಷೆಯಲ್ಲೂ ಹಾಗೇ ಬಂದರೆ ಮಧುಮೇಹ.

ಬಾಯಿಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಿ. ಹಿಡಿಸದಿದ್ದರೆ, ಅದರಲ್ಲೂ ಅಡಿಕೆ, ಗುಟ್ಕಾ ಹಾಕುವವರಾದರೆ, ಕೆನ್ನೆಯ ಒಳಪದರ ಗಟ್ಟಿಯಾಗುತ್ತಿರಬಹುದು. ಇದು ಕ್ಯಾನ್ಸರಿಗೆ ಮುಂಚಿನ ಹಂತ. ಇಪ್ಪತ್ತೈದರ ಹುಡುಗರಲ್ಲೂ ಕಾಣುತ್ತದೆ, ಹೊರಗಿನಿಂದ ಮುಖ ಎಷ್ಟು ಚೆಂದವಿದ್ದರೂ. ಗರ್ಭಕಂಠದ ಪರೀಕ್ಷೆಗೆ ಹೆದರುವವರು ಬಹಳ. ಸೌಮ್ಯ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ತಾಗಿಸಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುವುದು, ಅಷ್ಟೇ. ಕತ್ತರಿಸುವುದಿಲ್ಲ, ಚುಚ್ಚುವುದಿಲ್ಲ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ.

ಇಷ್ಟೆಲ್ಲ ಮಾಡಿಸಿದರೂ ಒಂದು ಕಡೆ ಕೆಡಬಹುದು, ಒಪಿಡಿ ಚೀಟಿಯಲ್ಲಿ. ಸಾಲು ಉದ್ದವಿದ್ದಾಗ ಚೀಟಿ ಬರೆಯುವವರು ಮುಖ ನೋಡಿ ವಯಸ್ಸು ಬರೆದುಬಿಡುವುದುಂಟು. ನಿಮ್ಮ ಬದಲು ಮಗ ಸಾಲಿನಲ್ಲಿ ನಿಂತಿದ್ದರೆ ಅವನೂ ಅಂದಾಜು ಹೇಳುತ್ತಾನೆ. ಅದೇ ಅಂಕಿ ಲ್ಯಾಬಿಗೆ ಹೋಗುತ್ತದೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬ ಇಜಿಎಫ್‌ಆರ್ ಅಂಕಿಯನ್ನು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ), ವಯಸ್ಸು, ಗಂಡೋ ಹೆಣ್ಣೋ ಎಂಬ ಮೂರರಿಂದ ಲೆಕ್ಕ ಹಾಕುತ್ತಾರೆ. ಹೆಂಗಸೊಬ್ಬಳ ಕ್ರಿಯಾಟಿನಿನ್ 1.1 ಎಂದಿಟ್ಟುಕೊಳ್ಳಿ. ಅವಳಿಗೆ ಐವತ್ತೈದು. 2021ರ ಸೂತ್ರದಲ್ಲಿ ಇಜಿಎಫ್‌ಆರ್ 59 ಬರುತ್ತದೆ. 60ಕ್ಕಿಂತ ಕಡಿಮೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕಾದ ಅಂಕಿ. ಚೀಟಿಯಲ್ಲಿ ಯಾರೋ ಮೂವತ್ತೆಂಟು ಎಂದು ಬರೆದಿದ್ದರೆ ಅದೇ ರಕ್ತಕ್ಕೆ 66 ಬರುತ್ತದೆ, ವರದಿ ಬದಿಗೆ ಹೋಗುತ್ತದೆ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಬರುವ ಸಾಧ್ಯತೆ ಅಳೆಯುವ ಡಬ್ಲ್ಯುಎಚ್‌ಒ ಚಾರ್ಟು ಕೂಡ ವಯಸ್ಸಿನ ಮೇಲೆಯೇ ನಿಂತಿರುವುದು, ಅದು ಶುರುವಾಗುವುದೇ ನಲವತ್ತರಿಂದ. ನಲವತ್ತರ ಕೆಳಗೆ ಬರೆಸಿಕೊಂಡವರಿಗೆ ಆ ಚಾರ್ಟೇ ತೆರೆಯುವುದಿಲ್ಲ.

ಮನೆಯ ಹಿರಿಯರಿಗೆ ಹುಟ್ಟಿದ ವರ್ಷ ಗೊತ್ತಿಲ್ಲದಿದ್ದರೆ ಮುಂಚೆಯೇ ಕೂತು ಲೆಕ್ಕ ಹಾಕಿ. 1975ರ ತುರ್ತು ಪರಿಸ್ಥಿತಿಯಲ್ಲಿ ಯಾವ ತರಗತಿಯಲ್ಲಿದ್ದರು, ಇಂದಿರಾ ಗಾಂಧಿ ತೀರಿಹೋದ 1984ರಲ್ಲಿ ಮದುವೆಯಾಗಿತ್ತೇ, ಮೊದಲ ಮಗು ಹುಟ್ಟಿದಾಗ ಮದುವೆಯಾಗಿ ಎಷ್ಟು ವರ್ಷವಾಗಿತ್ತು ಎಂದು ಕೇಳಿದರೆ ಒಂದೆರಡು ವರ್ಷದ ಆಚೀಚೆ ಸಿಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ. ಆಧಾರಿನಲ್ಲಿ ಜನವರಿ 1 ಎಂದಿದ್ದರೆ ವರ್ಷವೂ ಅಂದಾಜೇ ಆಗಿರಬಹುದು, ತಾಳೆ ನೋಡಿ. ಕೌಂಟರಿನಲ್ಲಿ ಕೇಳದೆ ಬರೆದರೆ ಅಲ್ಲೇ ನಿಂತು ತಿದ್ದಿಸಿ, ಲ್ಯಾಬಿನವರು ರಕ್ತದ ಸೀಸೆಗೆ ಚೀಟಿ ಅಂಟಿಸುವ ಮುಂಚೆಯೇ.